ಚಾವಣಿಯ ಬಿಲ್ಲು

2015ರಲ್ಲಿ ನಾವು ಲಂಡನ್ನಿನ ಹಾರೋದಲ್ಲಿ ಫ್ಲ್ಯಾಟ್ ಕೊಂಡೆವು. ಅದು ಲೀಸ್‌ಹೋಲ್ಡ್. ಲೀಸಿನ ಅವಧಿ ಮುಗಿಯುವವರೆಗೆ ಮನೆ ನಮ್ಮದು, ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್‌ದು. ಲಿಫ್ಟು, ಮೆಟ್ಟಿಲು, ಚಾವಣಿ, ವಿಮೆ ಇವುಗಳ ಖರ್ಚನ್ನು ಸರ್ವಿಸ್ ಚಾರ್ಜ್ ಎಂದು ನಮ್ಮಿಂದ ವಸೂಲು ಮಾಡುತ್ತಾರೆ. ವರ್ಷಕ್ಕೆ 1,800 ಪೌಂಡ್ ಎಂದು ಏಜೆಂಟ್ ಹೇಳಿದ್ದರು. ದೊಡ್ಡ ರಿಪೇರಿ ಏನಾದರೂ ಇದೆಯೇ ಎಂದು ನಮ್ಮ ಸಾಲಿಸಿಟರ್ ಬರೆದು ಕೇಳಿದರು. ಇನ್ನೂ ತೀರ್ಮಾನವಾಗಿಲ್ಲ ಎಂದು ಉತ್ತರ ಬಂತು.

ಮರುವರ್ಷ ನೋಟಿಸ್ ಬಂತು. ಚಾವಣಿ ಪೂರ್ತಿ ಬದಲಿಸಬೇಕು ಎಂದಿತ್ತು. ಒಂದು ರಿಪೇರಿಗೆ ಯಾವುದೇ ಫ್ಲ್ಯಾಟಿನಿಂದ 250 ಪೌಂಡಿಗಿಂತ ಹೆಚ್ಚು ಕೇಳುವುದಾದರೆ ಮೊದಲು ಲೀಸ್‌ಹೋಲ್ಡರ್‌ಗಳ ಅಭಿಪ್ರಾಯ ಕೇಳಬೇಕು. ಬಾಡಿಗೆ ಮತ್ತು ಲೀಸಿಗೆ ಸಂಬಂಧಿಸಿದ ಇಲ್ಲಿನ 1985ರ ಕಾಯ್ದೆಯ 20ನೇ ಸೆಕ್ಷನ್ ಹೀಗೆ ಹೇಳುತ್ತದೆ. ಅಭಿಪ್ರಾಯ ಕೇಳಿದರು. ಕೆಲಸ ನಿಲ್ಲಲಿಲ್ಲ. ಕಟ್ಟಡಕ್ಕೆ ಕೂಡಿಟ್ಟ ನಿಧಿಯೂ ಇರಲಿಲ್ಲ. ನಮ್ಮ ಪಾಲಿಗೆ 11,400 ಪೌಂಡ್ ಬಿಲ್ಲು ಬಂತು.

ಉಳಿತಾಯವೆಲ್ಲ ಮನೆಯ ಡಿಪಾಸಿಟ್‌ಗೆ ಹೋಗಿತ್ತು. ಮಗಳಿಗೆ ಆಗ ಏಳು ತಿಂಗಳು. ನಾನು ಹೆರಿಗೆ ರಜೆಯಲ್ಲಿದ್ದೆ. ಹಣ ಕಟ್ಟದಿದ್ದರೆ ಕೋರ್ಟಿನ ಮೂಲಕ ಲೀಸನ್ನೇ ರದ್ದು ಮಾಡಿಸಬಹುದು ಎಂದು ಪತ್ರದಲ್ಲಿ ಓದಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಯೂ ಹೋಗಿ, ಬ್ಯಾಂಕಿನ ಸಾಲ ಉಳಿದರೆ ಏನು ಮಾಡುವುದು ಎಂಬ ಭಯ.

ಮೈಸೂರಿನಿಂದ ಅಪ್ಪ ಫೋನಿನಲ್ಲಿ, “ಮನೆ ನಿಮ್ದೇ ಅಲ್ವೇನಮ್ಮ, ಅಸೋಸಿಯೇಷನ್ ಮೀಟಿಂಗಲ್ಲಿ ಕೇಳಬಾರದಾ?” ಎಂದರು. ನಮ್ಮೂರಿನ ಅಪಾರ್ಟ್‌ಮೆಂಟಿನಲ್ಲಿ ಮಾಲೀಕರೇ ಸೇರಿ ಖರ್ಚು ನಿರ್ಧರಿಸುತ್ತಾರೆ. ಇಲ್ಲಿ ಫ್ರೀಹೋಲ್ಡರ್ ನೇಮಿಸಿದ ಕಂಪನಿ ನಿರ್ಧರಿಸುತ್ತಿತ್ತು. ಅಪ್ಪನಿಗೆ ಅದನ್ನು ಹೇಳಲು ನನಗೆ ಕಷ್ಟವಾಯಿತು.

ಕೆಳಗಿನ ಮನೆಯ ಗುಜರಾತಿ ಹಿರಿಯರೊಬ್ಬರು ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ಗೆ ಫೋನ್ ಮಾಡಲು ಹೇಳಿದರು. ಅದು ಸರ್ಕಾರದ ಹಣದಿಂದ ನಡೆಯುವ, ಉಚಿತ ಸಲಹೆ ಕೊಡುವ ಸಂಸ್ಥೆ. ಖರ್ಚಿನ ರಸೀದಿಗಳನ್ನು ನೋಡುವ ಹಕ್ಕು ನಮಗಿದೆ, ಮೊತ್ತ ಅನ್ಯಾಯವೆನಿಸಿದರೆ ಟ್ರಿಬ್ಯೂನಲ್‌ಗೆ ಹೋಗಬಹುದು ಎಂದು ಅಲ್ಲಿ ತಿಳಿಯಿತು. ನಿವಾಸಿಗಳು ಸೇರಿ ರಸೀದಿ ಕೇಳಿದೆವು. ಚಾವಣಿ ಕೆಲಸಕ್ಕೆ ಕಟ್ಟಿದ ಅಟ್ಟಣೆಯ ಬಾಡಿಗೆಯನ್ನು ಅದನ್ನು ಬಿಚ್ಚಿದ ಮೇಲೂ ಲೆಕ್ಕ ಹಾಕಿದ್ದರು. ಕಂಪನಿ ಆ ಹಣ ಬಿಟ್ಟಿತು. ಉಳಿದದ್ದಕ್ಕೆ ಕಂತು ಒಪ್ಪಿತು. ಕಂತು ಕಟ್ಟುತ್ತಿದ್ದಾಗ ಅಮ್ಮನ ಕಣ್ಣಿನ ಆಪರೇಷನ್ ಆಯಿತು. ಟಿಕೆಟ್ಟಿಗೆ ಹಣವಿರಲಿಲ್ಲ. ನಾನು ಹೋಗಲಿಲ್ಲ.

ಈಗ ಆ ಕಂತುಗಳು ತೀರಿವೆ. ಲಂಡನ್ನಿನಲ್ಲಿ ಫ್ಲ್ಯಾಟ್ ನೋಡುತ್ತಿರುವ ನಮ್ಮವರಿಗೆ ಇಷ್ಟು ಹೇಳಬೇಕು. ಈ ವರ್ಷದ ಸರ್ವಿಸ್ ಚಾರ್ಜ್ ಒಂದನ್ನೇ ನೋಡಬೇಡಿ. ಮೂರು ವರ್ಷದ ಲೆಕ್ಕಪತ್ರ ಕೇಳಿ. ನಿಧಿಯಲ್ಲಿ ಎಷ್ಟಿದೆ, ಯಾವ ರಿಪೇರಿಯ ಮಾತು ನಡೆದಿದೆ, 20ನೇ ಸೆಕ್ಷನ್ನಿನ ನೋಟಿಸ್ ಹೊರಟಿದೆಯೇ ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. ಆ ಕಟ್ಟಡದಲ್ಲಿ ಇರುವವರನ್ನೂ ವಿಚಾರಿಸಿ. ರಿಪೇರಿ ಬರುವ ಸೂಚನೆ ಇದ್ದರೆ, ಮಾರುವವರ ಹಣದಲ್ಲಿ ಒಂದು ಪಾಲನ್ನು ಅದಕ್ಕೆಂದು ಹಿಡಿದಿಡಲು ನಿಮ್ಮ ಸಾಲಿಸಿಟರ್‌ಗೆ ಹೇಳಿ. ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆದ ಮೇಲೆ ಹಿಂದೆ ಸರಿದರೆ ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟು ಡಿಪಾಸಿಟ್ ಹೋಗುತ್ತದೆ. ಸ್ಪಷ್ಟ ಉತ್ತರ ಬರುವವರೆಗೆ ಎಕ್ಸ್‌ಚೇಂಜ್ ಮಾಡಬೇಡಿ.