ಖಾಲಿ ಮನೆಯ ಲೆಕ್ಕ

ಉತ್ತರಪತ್ರಿಕೆ ತಿದ್ದಿದ ಮೇಲೆ ಅಂಕ ತುಂಬುವ ಕೆಲಸ ಬಹಳ ಮೇಷ್ಟ್ರುಗಳಿಗೆ ಬೇಸರ. ನನಗೆ ಅದೇ ಹಬ್ಬ. ಹೊಸನಗರದ ಕಡೆ ಜಡಿಮಳೆ ಹಿಡಿದ ಸಂಜೆ, ಕರೆಂಟು ಇದ್ದಷ್ಟು ಹೊತ್ತು, ಎಕ್ಸೆಲ್ ಹಾಳೆ ತೆರೆದು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇಂಥ ಹಾಳೆಯ ಯೋಚನೆ ಹುಟ್ಟಿದ್ದೇ ತರಗತಿಯಲ್ಲಿ. ಕರಿಹಲಗೆಯ ಮೇಲೆ ಒಂದು ಅಂಕಿ ಬದಲಾದರೆ ಪ್ರಾಧ್ಯಾಪಕರು ಮುಂದಿನದನ್ನೆಲ್ಲ ಅಳಿಸಿ ಬರೆಯಬೇಕಾದದ್ದನ್ನು ಹಾರ್ವರ್ಡಿನ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್ ಕಂಡರು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಅವರು ಮಾಡಿದ ವಿಸಿಕ್ಯಾಲ್ಕ್ ಎಂಬ ಇಂಥ ಹಾಳೆ 1979ರಲ್ಲಿ ಹೊರಬಂತು. ಮೇಷ್ಟ್ರುಗಳಿಗೆ ಇದು ತವರಿನ ವಸ್ತು.

ಎಸ್ಸೆಸ್ಸೆಲ್ಸಿಯ 625 ಅಂಕ ಕೂಡಿಸಿಕೊಡುವುದು ಈ ಹಾಳೆಯ ಸಣ್ಣ ಉಪಕಾರ. ರುಚಿ ಇರುವುದು ಪ್ರಶ್ನೆವಾರು ತುಂಬಿದಾಗ. ಮಗುವಿಗೊಂದು ಸಾಲು, ಪ್ರಶ್ನೆಗೊಂದು ಕಾಲಂ. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ ಕಾಲಮ್ಮಿನ ತಲೆಯ ಮೇಲೆ ಅಧ್ಯಾಯದ ಹೆಸರು. ಅರ್ಧಕ್ಕಿಂತ ಕಡಿಮೆ ಬಂದ ಮನೆ ತಾನಾಗಿ ಕೆಂಪಾಗುವಂತೆ ಮಾಡಿಟ್ಟರೆ ಹಾಳೆ ಮಾತಾಡತೊಡಗುತ್ತದೆ. ಕೆಂಪು ಮೇಲಿನಿಂದ ಕೆಳಕ್ಕೆ ಇಳಿದರೆ ಆ ಪಾಠ ಇನ್ನೊಮ್ಮೆ ಆಗಬೇಕು. ಒಂದೇ ಸಾಲಿನಲ್ಲಿ ಅಲ್ಲಲ್ಲಿ ಕಂಡರೆ ಆ ಮಗುವಿನ ಹತ್ತಿರ ಕೂರಬೇಕು. ಒಬ್ಬ ಹುಡುಗಿಗೆ ವರ್ಗಸಮೀಕರಣ ಬಿಡಿಸುವಲ್ಲಿ ಪೂರ್ಣ ಅಂಕ. ಅದೇ ವಾಕ್ಯರೂಪದ ಲೆಕ್ಕವಾಗಿ ಬಂದರೆ ಕೆಂಪು. ಸಮಾಂತರ ಶ್ರೇಢಿಯಲ್ಲೂ ಹಾಗೇ. ತೊಡಕು ಓದುವುದರಲ್ಲಿತ್ತು. ಕನ್ನಡ ಮೇಡಂಗೆ ಹಾಳೆ ತೋರಿಸಿದೆ. ಲೆಕ್ಕವನ್ನು ಅವಳಿಂದ ಗಟ್ಟಿಯಾಗಿ ಓದಿಸಿ, ಅವಳದೇ ಮಾತಿನಲ್ಲಿ ಹೇಳಿಸತೊಡಗಿದೆವು. ಒಟ್ಟು ಅಂಕ ಮಾತ್ರ ನೋಡಿದ್ದರೆ ಇದು ಕೈಗೆ ಸಿಕ್ಕುತ್ತಿರಲಿಲ್ಲ.

 

ರ‍್ಯಾಂಕಿನ ಕಾಲಂ ನನ್ನ ಹಾಳೆಯಲ್ಲಿಲ್ಲ. ಅಡಿಕೆಯಂತೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮಕ್ಕಳನ್ನು ವಿಂಗಡಿಸಿ ನನಗೆ ಆಗಬೇಕಾದ್ದೇನೂ ಇಲ್ಲ.

ನಾನು ಹೆಚ್ಚು ಹೊತ್ತು ನೋಡುವುದು ಖಾಲಿ ಮನೆಗಳನ್ನು. ಮಲೆನಾಡಿನ ತುಮರಿ, ನಗರ, ಆಗುಂಬೆ ಕಡೆಯ ಮೇಷ್ಟ್ರುಗಳಿಗೆ ಅವು ಏಕೆ ಖಾಲಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಹಳ್ಳ ಏರಿ ಕಾಲುಸಂಕ ದಾಟಲಾಗದೆ ಕೆಲವರು ಬರುವುದಿಲ್ಲ, ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಇನ್ನು ಕೆಲವರು. 20 ಅಂಕದ ಐದು ಕಿರುಪರೀಕ್ಷೆ ಎಂದಿಟ್ಟುಕೊಳ್ಳಿ. ನಾಲ್ಕರಲ್ಲಿ 18, 16, 20, 14 ತೆಗೆದ ಮಗು ಐದನೆಯದಕ್ಕೆ ಬರಲಿಲ್ಲ. ಖಾಲಿ ಬಿಟ್ಟರೆ ಆವರೇಜ್ ಸೂತ್ರ ಆ ಮನೆಯನ್ನು ಎಣಿಸುವುದೇ ಇಲ್ಲ, ಸರಾಸರಿ 17. ಸೊನ್ನೆ ಹಾಕಿದಿರೋ, 13.6. ಮಗು ಅದೇ, ಕಲಿತದ್ದೂ ಅಷ್ಟೇ. ‘ಗೈರು’ ಎಂದು ಅಕ್ಷರದಲ್ಲಿ ಬರೆದರೂ ಸೂತ್ರ ಅದನ್ನು ಬಿಟ್ಟೇ ಲೆಕ್ಕ ಹಾಕುತ್ತದೆ. ಮೇಲಾಗಿ ಕೌಂಟ್‌ಇಫ್ ಹಾಕಿದರೆ ಯಾರು ಎಷ್ಟು ಸಲ ಗೈರು ಎಂಬುದೂ ಗೊತ್ತಾಗುತ್ತದೆ. ಪಕ್ಕದ ಕಾಲಮ್ಮಿನಲ್ಲಿ ಕಾರಣ ಬರೆದಿಡುತ್ತೇನೆ: ಜ್ವರ, ಹಳ್ಳ, ಬಸ್ಸಿಲ್ಲ, ಅಡಿಕೆ ಸುಲಿತ. ಮಳೆ ಇಳಿದ ಮೇಲೆ ‘ಹಳ್ಳ’ ಎಂದು ಫಿಲ್ಟರ್ ಹಾಕಿದರೆ ಸಾಕು, ಪರಿಹಾರ ಬೋಧನೆಗೆ ಮೊದಲು ಕೂರಿಸಬೇಕಾದವರ ಪಟ್ಟಿ ಸಿದ್ಧ.

ಅಂಕ ತುಂಬುವ ಎಲ್ಲ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದೇ ಕೋರಿಕೆ: ಬಾರದ ಮಗುವಿನ ಮನೆಯಲ್ಲಿ ಈ ಸಲ ಸೊನ್ನೆ ಒತ್ತಬೇಡಿ. ‘ಗೈರು’ ಎಂದು ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ.