ಮಕ್ಕಳೆಷ್ಟು?

ನಮ್ಮ ಹಂಗಳದಲ್ಲಿ ಬಸ್ಸಿಗೆ ಕಾದು ನಿಂತರೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವರು ಸಿಕ್ಕೇ ಸಿಗುತ್ತಾರೆ. ಊರು, ಕೆಲಸ ವಿಚಾರಿಸಿದ ಮೇಲೆ ಮುಂದಿನ ಪ್ರಶ್ನೆ, "ಮಕ್ಕಳೆಷ್ಟು?" ಸಂತಾನ ಬೇಡಿ ಬೆಟ್ಟ ಹತ್ತುವವರು ಹಾಗೆ ಕೇಳುವುದು ಸಹಜವೇ. ಮಗಳು ಏಳರ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ನಾನು "ಒಬ್ಬನೇ ಮಗ" ಎಂದುಬಿಡುತ್ತಿದ್ದೆ. ಪಕ್ಕದಲ್ಲಿ ನನ್ನಾಕೆ ನೆಲ ನೋಡುತ್ತಿದ್ದಳು.

ಆ ವರ್ಷ ತರಗತಿಯಲ್ಲಿ ಬೇಂದ್ರೆಯವರ ಕವಿತೆ ಬಂತು. ಕೂಸನ್ನು ಕಳೆದುಕೊಂಡ ಗಂಡ, ಹೆಂಡತಿಯ ನೋಟವನ್ನು ತಾಳಲಾರದೆ ಆಡುವ ಮಾತು ಅದು. ಹದಿನೈದು ವರ್ಷ ಅದನ್ನು ಸಲೀಸಾಗಿ ವಿವರಿಸಿದ್ದ ನನಗೆ ಗಂಟಲು ಬಿಗಿಯಿತು. "ಕವಿಗೆ ಹುಟ್ಟಿದ್ದು 9 ಮಕ್ಕಳು, ಉಳಿದದ್ದು 3" ಎಂದಷ್ಟೇ ಹೇಳಿ ಕುಳಿತೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸಾರ್, ನಮ್ಮವ್ವನಿಗೂ ಒಂದು ಮಗು ಹೋಯ್ತು. ಯಾರು ಕೇಳಿದರೂ ಅವ್ವ ನಾಲ್ಕು ಅಂತಲೇ ಹೇಳ್ತಾಳೆ. ಹೆತ್ತದ್ದನ್ನು ಲೆಕ್ಕದಿಂದ ತೆಗೆಯೋಕೆ ನಾನ್ಯಾರು ಅಂತಾಳೆ."

ಮೊನ್ನೆ ಬಸ್ಸಿನಲ್ಲಿ ಅಜ್ಜಿಯೊಬ್ಬರು ಕೇಳಿದರು. "ಇಬ್ಬರು, ತಾಯಿ. ಮಗ ಓದುತ್ತಿದ್ದಾನೆ. ಮಗಳು ಏಳು ವರ್ಷ ನಮ್ಮೊಡನಿದ್ದಳು" ಎಂದೆ.

ನನ್ನಾಕೆ, ಬಹಳ ದಿನಗಳ ಮೇಲೆ, ತಲೆಯೆತ್ತಿ ನನ್ನನ್ನು ನೋಡಿದಳು. ನಾನೂ ನೋಡಿದೆ.