ಬಸ್ ಸ್ಟ್ಯಾಂಡ್ ಕಟ್ಟೆ, ಭಾಗ 6: "ಏನಿಲ್ಲೋ ತಮ್ಮಾ"

ಈ ಫೋಟೋದಾಗ ಬರೀ ಕಟ್ಟೆ ಐತಿ, ಮೂಲ್ಯಾಗ ಒಂದು ಖಾಲಿ ಚಾ ಗ್ಲಾಸು. ಅಜ್ಜಿ ಇಲ್ಲ. ಯಾಕ ಇಲ್ಲ ಅನ್ನೋದು ಕೊನೆತನಕ ಓದಿದ್ರ ನಿಮಗ ತಿಳೀತೈತಿ.

ಮೊದಲು ನನ್ನ ತಪ್ಪಿನ ಕಥೆ.

ಹೋದ ವರ್ಷದ ಬ್ಯಾಸಗಿ. ನಮ್ಮ ಬೇವೂರಾಗ ಬಸ್ ನಿಲ್ಲೋ ಜಾಗದಲ್ಲಿ ಒಬ್ಬ ಅಜ್ಜ ಗ್ವಾಡಿಗೆ ಕೈ ಹಚ್ಚಿ ನಿಂತಿದ್ದ. ಧೋತ್ರ, ತಲೆಗೆ ರುಮಾಲು, ಕೈಯಲ್ಲೊಂದು ಚೀಲ. ಮುಖ ಬಾಡಿತ್ತು. ಹತ್ತಿರ ಹೋಗಿ ಕೇಳಿದೆ.

"ಯಾಕ್ರಿ ಯಜ್ಜಾ, ಆರಾಮ ಇಲ್ಲೇನು?"

"ಏನಿಲ್ಲೋ ತಮ್ಮಾ, ನೀ ಹೋಗು."

ಬಸ್ ಬಂತು, ನಾನು ಹತ್ತಿದೆ. ಕೇಳೋದು ಕೇಳಿದ್ದೆನಲ್ಲ, ಮನಸ್ಸು ಹಗುರ ಇತ್ತು. ಸಂಜೆ ವಾಪಸ್ ಬಂದಾಗ ಚಾ ಅಂಗಡಿಯ ಅಕ್ಕ ಹೇಳಿದ್ರು: ನಾನು ಹೋದ ಅರ್ಧ ತಾಸಿಗೆ ಅಜ್ಜ ಅಲ್ಲೇ ಕುಸಿದು ಬಿದ್ದನಂತೆ. ಯಾರೋ ಟಂಟಂನ್ಯಾಗ ಹಾಕ್ಕೊಂಡು ಹೋದ್ರಂತೆ. ಯಾವ ಊರಿನವನು, ಉಳಿದನೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ. ಆ ಗ್ವಾಡಿ ಮುಂದೆ ಹಾದು ಹೋಗುವಾಗೆಲ್ಲ "ನೀ ಹೋಗು" ಅಂದದ್ದು ಕಿವಿಯಲ್ಲಿ ಕೇಳಿಸುತ್ತೆ. ಹೋಗು ಅಂದ, ನಾನು ಹೋಗಿಬಿಟ್ಟೆ.

ಈಗ ಅಜ್ಜಿ ಕಥೆ ಕೇಳ್ರಿ.

ಈ ಏಪ್ರಿಲ್, ಹನ್ನೊಂದು ಗಂಟೆ ಸುಮಾರು. ಬಿಸಿಲು ನೆತ್ತಿ ಸುಡ್ತಿತ್ತು. ಇದೇ ಕಟ್ಟೆ ಮ್ಯಾಲೆ ಒಬ್ಬ ಅಜ್ಜಿ ತಲೆ ತಗ್ಗಿಸಿ ಕುಂತಿದ್ಲು. ಸುತ್ತ ಹತ್ತು ಹನ್ನೆರಡು ಮಂದಿ ಇದ್ವಿ. ಎಲ್ಲರೂ ಒಮ್ಮೆ ನೋಡೋದು, ಮತ್ತೆ ಮೊಬೈಲ್ ನೋಡೋದು. ಅವರ್ಯಾರೂ ಕೆಟ್ಟವರಲ್ಲ. ಅಜ್ಜಿ ಕಡೆಯವರು ಇಲ್ಲೇ ಎಲ್ಲೋ ಇರಬೇಕು ಅಂತ ಪ್ರತಿಯೊಬ್ಬರೂ ಅಂದ್ಕೊಂಡಿದ್ರು.

"ಯಾಕಬೇ ಯವ್ವಾ, ಏನಾತು?"

"ಏನಿಲ್ಲೋ ತಮ್ಮಾ. ಸುಮ್ನ ಕುಂತೀನಿ."

ಅದೇ ಮಾತು! ಈ ಸಲ ನಾನು ಹೋಗಲಿಲ್ಲ. ಪಕ್ಕದಲ್ಲಿ ಕುಂತೆ. ಏನಾತು ಅಂತ ಮತ್ತೆ ಕೇಳಲಿಲ್ಲ, ಬೇರೆ ಕೇಳಿದೆ.

"ಮುಂಜಾನಿ ಏನ್ ಉಂಡಿ ಯವ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ಲು. "ಏನೂ ಇಲ್ಲಪ್ಪಾ. ಪಗಾರ ತಗೊಂಡು ಹೋಗಿ ಉಣ್ಣೋಣಂತ ಬಂದೆ." ಪಗಾರ ಅಂದ್ರೆ ಪಿಂಚಣಿ.

"ಗುಳಿಗಿ ಏನಾರ ತಗೋತೀಯೇನು?"

"ಶುಗರಿಂದು. ಅದನ್ನ ತಪ್ಪಸಂಗಿಲ್ಲ ನೋಡು. ಮುಂಜಾನಿ ತಗೊಂಡೀನಿ."

ಕೈ ಮುಟ್ಟಿದೆ. ನಡುಗ್ತಿತ್ತು. ಕುತ್ತಿಗೆ ತುಂಬ ಬೆವರು. ಶುಗರ್ ಗುಳಿಗಿ ನುಂಗಿ ಊಟ ಬಿಟ್ರೆ ಕೆಲವರಿಗೆ ರಕ್ತದ ಸಕ್ಕರೆ ಧಿಡೀರ್ ಇಳಿಯುತ್ತೆ. ಅವಳಿಗೆ ಆಗಿದ್ದು ಅದೇ ಇರಬೇಕು. ಎಚ್ಚರ ಇದ್ಲು, ಮಾತಾಡ್ತಿದ್ಲು, ಹಂಗಾಗಿ ಸಿಹಿ ಕೊಡಬಹುದಿತ್ತು.

ಇಲ್ಲೊಂದು ಪಾಠ ಕಲಿತೆ. "ಯಾರಾದ್ರೂ ಚಾ ತರ್ರಿ" ಅಂದೆ, ಯಾರೂ ಕದಲಲಿಲ್ಲ. "ಕೆಂಪಂಗಿ ಅಣ್ಣಾ, ಸಕ್ಕರಿ ಜಾಸ್ತಿ ಹಾಕಿಸಿ ಒಂದು ಚಾ ತರ್ರಿ" ಅಂದೆ ನೋಡ್ರಿ, ಆ ಅಣ್ಣ ಓಡಿದ. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಒಬ್ಬ ಅಕ್ಕ ಸೆರಗಿಂದ ಗಾಳಿ ಹಾಕಿದ್ಲು. ಕಾಲೇಜ್ ಹುಡುಗಿ ಬ್ಯಾಗಿಂದ ಛತ್ರಿ ತೆಗೆದ್ಲು. ಅಂಗಡಿ ಅಕ್ಕ ಒಂದು ಪ್ಲೇಟ್ ಒಗ್ಗರಣಿ ತಂದು ಕೊಟ್ಟು ರೊಕ್ಕ ಬ್ಯಾಡ ಅಂದ್ರು. ಮೊದಲು ಒಬ್ಬರು ಬಾಗಬೇಕು, ಅಷ್ಟೇ.

ಕಾಲು ತಾಸಿಗೆ ಅಜ್ಜಿ ಮುಖಕ್ಕೆ ಕಳೆ ಬಂತು. "ಮಗನ ನಂಬರ್ ಕೊಡಬೇ, ಫೋನ್ ಹಚ್ತೀನಿ" ಅಂದೆ. ನನ್ನ ಕೈ ಗಟ್ಟಿ ಹಿಡ್ಕೊಂಡ್ಲು.

"ಬ್ಯಾಡೋ ಯಪ್ಪಾ. ಅವಗ ಹೇಳಬ್ಯಾಡ. ಗೊತ್ತಾದ್ರ ಇನ್ನ ನನ್ನ ಹೊರಗ ಬಿಡಂಗಿಲ್ಲ."

ಆಗ ತಿಳೀತು ನನಗೆ, "ಏನಿಲ್ಲ" ಅಂದ್ರೆ ಏನು ಅಂತ. ತಿಂಗಳಿಗೊಮ್ಮೆ ತನ್ನ ರೊಕ್ಕ ತಾನೇ ಎಣಿಸ್ಕೊಂಡು ಬರೋದು, ಬಸ್ಸಿನ್ಯಾಗ ಕಿಟಕಿ ಪಕ್ಕ ಕೂಡೋದು. ಅಷ್ಟು ಸ್ವಾತಂತ್ರ್ಯ ಕಳಕೊಳ್ಳೋ ಅಂಜಿಕೆ ಆ ಮಾತಿನ ಒಳಗಿತ್ತು. ಆ ಅಜ್ಜನೂ ಇದಕ್ಕೇ ನನ್ನನ್ನ ಕಳಿಸಿದನೇನೋ.

ನಾನು ಫೋನ್ ಹಚ್ಚಲಿಲ್ಲ. ಅವರ ಊರಿನ ಒಬ್ಬ ಅಕ್ಕ ಅದೇ ಬಸ್ಸಿಗೆ ಬಂದಿದ್ಲು, ಅವಳಿಗೆ ಎಲ್ಲಾ ಹೇಳಿ ಜೊತೆಗೆ ಕಳಿಸಿದೆ. ಡಾಕ್ಟರ್‌ಗೆ ತೋರಿಸು ಅಂತ ಅಜ್ಜಿಗೂ ಹೇಳಿದೆ. ಸರಿ ಮಾಡಿದೆನೋ ಇಲ್ಲೋ, ಇನ್ನೂ ಯೋಚನೆ ಐತಿ. ನೀವಾಗಿದ್ರೆ ಏನು ಮಾಡ್ತಿದ್ರಿ?

ಈಗ ಫೋಟೋ ವಿಷಯ. ಅವತ್ತು ಒಬ್ಬ ಹುಡುಗ ಮೊಬೈಲ್ ಎತ್ತಿದ. ಬ್ಯಾಡ ತಮ್ಮಾ ಅಂದೆ. ನಮ್ಮ ಕೊಪ್ಪಳದಾಗೇ 2017ರ ಫೆಬ್ರುವರಿಯಲ್ಲಿ ಏನಾಗಿತ್ತು ನೆನಪೈತೇನು? ಸೈಕಲ್ ಮ್ಯಾಲೆ ಹೊಂಟಿದ್ದ ಹರೆಯದ ಹುಡುಗನಿಗೆ ಬಸ್ ಬಡಿದು, ರಕ್ತದಾಗ ಬಿದ್ದು ಸಹಾಯ ಕೇಳ್ತಿದ್ದಾಗ ಸುತ್ತ ನಿಂತ ಮಂದಿ ಫೋಟೋ, ವಿಡಿಯೋ ತೆಗೆದ್ರು. ಹುಡುಗ ಉಳೀಲಿಲ್ಲ. ದೇಶದ ಪೇಪರ್‌ನ್ಯಾಗೆಲ್ಲ ನಮ್ಮ ಊರಿನ ಹೆಸರು ಬಂತು, ಬರಬಾರದ ರೀತಿಯಲ್ಲಿ. ಅದಕ್ಕೇ ಇಲ್ಲಿ ಬರೀ ಕಟ್ಟೆ ಐತಿ.

"ಪೊಲೀಸ್ ಕೇಸ್ ಆಗ್ತೈತಿ" ಅಂತ ಅಂಜೋರಿಗೆ ಒಂದು ಮಾತು. ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಡೋ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲೇ ಒಪ್ಪಿಗೆ ಕೊಟ್ಟೈತಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆ ಮನಸ್ಸಿಂದ ಸಹಾಯ ಮಾಡಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯ ಮಾಡಂಗಿಲ್ಲ.

ಇಷ್ಟು ನೆನಪಿಟ್ಕೊಳ್ರಿ:

▪️ ಬಿದ್ದವರನ್ನ ರಟ್ಟೆ ಹಿಡಿದು ಒಮ್ಮೆಲೆ ಎತ್ತಬ್ಯಾಡ್ರಿ. ವಯಸ್ಸಾದವರ ಎಲುಬು ಬೇಗ ಮುರೀತಾವ. ಎಲ್ಲಿ ನೋವೈತಿ ಅಂತ ಮೊದಲು ಕೇಳ್ರಿ.
▪️ ಎಚ್ಚರ ತಪ್ಪಿದವರ ಬಾಯಿಗೆ ನೀರು, ಚಾ, ಸಕ್ಕರಿ ಏನೂ ಹಾಕಬ್ಯಾಡ್ರಿ.
▪️ ಬಾಯಿ ಒಂದು ಕಡೆ ಸೊಟ್ಟ ಆದ್ರೆ, ಮಾತು ತೊದಲಿದ್ರೆ, ಒಂದು ಕೈ ಮೇಲೇಳದಿದ್ರೆ ಲಕ್ವ ಇರಬಹುದು. ತಡ ಮಾಡದೆ 108.
▪️ ಪೊಲೀಸ್ ನೆರವು ಬೇಕಾದ್ರೆ 112. ದಾರಿ ತಪ್ಪಿದ, ಮನೆಯವರು ಬಿಟ್ಟುಹೋದ ಹಿರಿಯರಿಗೆ 14567, ಮುಂಜಾನೆ 8ರಿಂದ ರಾತ್ರಿ 8ರತನಕ.

ಇದೆಲ್ಲಾ ಮರೆತ್ರೂ ಒಂದು ಮರೀಬ್ಯಾಡ್ರಿ. ಹಿರಿಯರು "ಏನಿಲ್ಲ" ಅಂದಾಗ ಹೊಂಟು ಹೋಗಬ್ಯಾಡ್ರಿ. ಪಕ್ಕದಾಗ ಕುಂತು "ಉಂಡಿರೇನು?" ಅಂತ ಕೇಳ್ರಿ. ಒಂದು ಬಸ್ ತಪ್ಪಿದ್ರೆ ಇನ್ನೊಂದು ಬರ್ತೈತಿ.

ಆ ಅಜ್ಜನಿಗೆ ನಾನು ಎರಡನೇ ಸಲ ಕೇಳಲಿಲ್ಲ. ನೀವು ಕೇಳ್ರಿ.

ನಿಮಗೂ ಇಂಥದ್ದು ಆಗಿದ್ರೆ ಕಾಮೆಂಟ್‌ನ್ಯಾಗ ಬರೀರಿ, ಎಲ್ಲಾ ಓದ್ತೀನಿ. ಭಾಗ 7 ಮುಂದಿನ ಐತವಾರ. 🙏

#ಬಸ್‌ಸ್ಟ್ಯಾಂಡ್‌ಕಟ್ಟೆ #ಬೇವೂರು #ನಮ್ಮಕೊಪ್ಪಳ